ಸರ್ಟಿಫಿಕೇಟ್ ಬರೋ ತನಕ ಕಾಯಬೇಡಿ: ವಿಕಲಚೇತನ ಪುಟ್ಟ ಮಕ್ಕಳ ಮನೆಯವರಿಗೆ ಒಂದು ಮಾರ್ಗದರ್ಶಿ

ನಮ್ಮ ಕಲಬುರಗಿ ಕಡೆ ವರ್ಷವಾದರೂ ಮಗು ಕೂರಲಿಲ್ಲ ಅಂದರೆ ಮೊದಲು ಕೇಳಿಬರುವ ಮಾತು, "ಬಿಡ್ರಿ, ಅವರಪ್ಪನೂ ತಡಾನೇ ನಡದಿದ್ದ." ಎರಡು ವರ್ಷವಾದರೂ ಮಾತು ಬರಲಿಲ್ಲ ಅಂದರೆ, "ಗಂಡು ಹುಡುಗ್ರಿಗೆ ಮಾತು ತಡಾನೇ ಬರ್ತದ." ನನ್ನ ಅಕ್ಕನ ಮಗನ ವಿಷಯದಲ್ಲೂ ಇಂಥ ಮಾತು ಕೇಳುತ್ತಲೇ ಒಂದೂವರೆ ವರ್ಷ ಹೋಯಿತು. ಆಮೇಲೆ ಅದು ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ, ಅಂತ ಗೊತ್ತಾಯಿತು. ಗೊತ್ತಾದ ಮೇಲೆ ಇನ್ನೊಂದು ತಪ್ಪು ಮಾಡಿದೆವು. ವಿಕಲತೆಯ ಸರ್ಟಿಫಿಕೇಟ್ ಕೈಗೆ ಬರಲಿ, ಆಮೇಲೆ ಫಿಸಿಯೋಥೆರಪಿ ಶುರು ಮಾಡೋಣ ಅಂತ ಏಳು ತಿಂಗಳು ಸುಮ್ನೆ ಕೂತೆವು. ಒಂದು ಕಚೇರಿಯ ಸಿಬ್ಬಂದಿ ಹಾಗೆ ಹೇಳಿದ್ದರು, ನಾವು ನಂಬಿದೆವು. ಅಂಥ ನಿಯಮ ಎಲ್ಲೂ ಇಲ್ಲ.

ಅದಕ್ಕೇ ಈ ಲೇಖನ. ಚಿಕಿತ್ಸೆಯ ದಾರಿ ಬೇರೆ, ಕಾಗದದ ದಾರಿ ಬೇರೆ. ಎರಡರ ಮೇಲೂ ಒಟ್ಟಿಗೆ ಕಾಲಿಡಬೇಕು. ಒಂದು ಮುಗಿಯಲಿ ಅಂತ ಇನ್ನೊಂದನ್ನು ನಿಲ್ಲಿಸಿದರೆ ನಷ್ಟ ಮಗುವಿಗೆ.

ಮೊದಲೇ ಒಂದು ಮಾತು. ರಾಜ್ಯದ ಕಚೇರಿಗಳ ಬೋರ್ಡಿನ ಮೇಲೆ "ವಿಕಲಚೇತನ" ಅಂತ ಇರುತ್ತದೆ. ಕೇಂದ್ರದ ಯೋಜನೆಗಳಲ್ಲಿ "ದಿವ್ಯಾಂಗಜನ" ಅಂತ ಇರುತ್ತದೆ. ಊರಲ್ಲಿ ಜನ "ಅಂಗವಿಕಲ" ಅನ್ನುತ್ತಾರೆ. ಮೂರೂ ಒಂದೇ. ಅರ್ಜಿ ಹುಡುಕುವಾಗ ಗೊಂದಲ ಮಾಡಿಕೊಳ್ಳಬೇಡಿ.

ಅನುಮಾನ ಬಂದ ದಿನವೇ ಬರೆದಿಡಿ

ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ಎಂಟು-ಒಂಬತ್ತು ತಿಂಗಳಿಗೆ ಆಸರೆ ಇಲ್ಲದೆ ಕೂರಬೇಕು. ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗಿ ನೋಡಬೇಕು. ಒಂದೂವರೆ ವರ್ಷಕ್ಕೆ ನಡೆಯಬೇಕು, ನಾಲ್ಕಾರು ಪದವಾದರೂ ಆಡಬೇಕು. ಎರಡು ವರ್ಷಕ್ಕೆ "ಅಮ್ಮಾ ನೀರು" ಅನ್ನುವಂತೆ ಎರಡು ಪದ ಜೋಡಿಸಬೇಕು. ಎಲ್ಲ ಮಕ್ಕಳೂ ಗಡಿಯಾರ ನೋಡಿಕೊಂಡು ಬೆಳೆಯುವುದಿಲ್ಲ, ನಿಜ. ಆದರೆ ಇವುಗಳಲ್ಲಿ ಯಾವುದಾದರೂ ತಡವಾಗುತ್ತಿದ್ದರೆ, ಅಥವಾ ಬಂದ ಮಾತು ಹಿಂದೆ ಹೋದರೆ, ತಾಯಿ ಕಾರ್ಡಿನಲ್ಲೋ ಒಂದು ನೋಟ್‌ಬುಕ್ಕಿನಲ್ಲೋ ತಾರೀಖು ಹಾಕಿ ಬರೆಯಿರಿ. ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಡಾಕ್ಟರ ಮುಂದೆ ಮಗು ಅಳುತ್ತಾ ಕೂತರೆ ಏನೂ ಕಾಣುವುದಿಲ್ಲ. ವಿಡಿಯೋದಲ್ಲಿ ಕಾಣುತ್ತದೆ.

ಹೆರಿಗೆಯ ಹೊತ್ತಿನಲ್ಲಿ ಮಗು ಅಳಲಿಲ್ಲವೇ, ಐಸಿಯುನಲ್ಲಿ ಇಟ್ಟಿದ್ದರೇ, ತೂಕ ಎಷ್ಟಿತ್ತು, ಕಾಮಾಲೆ ಜಾಸ್ತಿ ಆಗಿತ್ತೇ, ಇದೆಲ್ಲ ಮುಂದೆ ಪ್ರತಿ ಡಾಕ್ಟರೂ ಕೇಳುತ್ತಾರೆ. ಡಿಸ್ಚಾರ್ಜ್ ಕಾಗದ ಬಿಸಾಡಬೇಡಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಬಗ್ಗೆ ಒಂದು ವಿಶೇಷ ಮಾತು. 34 ವಾರಕ್ಕಿಂತ ಮೊದಲು ಹುಟ್ಟಿದ್ದರೆ, ಅಥವಾ ತೂಕ 2 ಕಿಲೋಗಿಂತ ಕಡಿಮೆ ಇದ್ದರೆ, ಹುಟ್ಟಿದ ನಾಲ್ಕು ವಾರದೊಳಗೆ ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ಇದು ತಪ್ಪಿದರೆ ಉಳಿಸಬಹುದಾಗಿದ್ದ ಕಣ್ಣು ಹೋಗುತ್ತದೆ. ಬಾಣಂತನಕ್ಕೆ ತವರಿಗೆ ಹೋದ ತಾಯಂದಿರ ವಿಷಯದಲ್ಲಿ ಈ ಪರೀಕ್ಷೆ ಸುಲಭವಾಗಿ ತಪ್ಪಿಹೋಗುತ್ತದೆ. "ತಿಂಗಳು ಆಗೋ ತನಕ ಮನೆ ದಾಟಬಾರದು" ಅನ್ನುವ ಹಿರಿಯರಿಗೆ ಸಮಾಧಾನವಾಗಿ ಹೇಳಿ, ಆದರೆ ಕರೆದುಕೊಂಡು ಹೋಗಿ.

ಹುಟ್ಟಿದಾಗಲೇ ಪಾದ ಒಳಗೆ ತಿರುಗಿದ್ದರೆ ಒಂದೆರಡು ವಾರದಲ್ಲೇ ಪ್ಲಾಸ್ಟರ್ ಶುರು ಮಾಡುತ್ತಾರೆ. ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್, ಆಮೇಲೆ ನಾಲ್ಕೈದು ವರ್ಷದ ತನಕ ರಾತ್ರಿ ಹಾಕುವ ವಿಶೇಷ ಬೂಟು. ಪ್ಲಾಸ್ಟರ್ ಮುಗಿದು ಪಾದ ಚೆಂದ ಕಂಡ ಮೇಲೆ ಬೂಟು ಬಿಡುವವರೇ ಜಾಸ್ತಿ. ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ.

ಆಶಾ, ಅಂಗನವಾಡಿ, ಮತ್ತು ಊರಿಗೆ ಬರುವ ಆ ವಾಹನ

ಕೇಂದ್ರ ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ಜನ ಇದನ್ನು ಆರ್‌ಬಿಎಸ್‌ಕೆ ಅನ್ನುತ್ತಾರೆ. ಹುಟ್ಟಿನಿಂದ 18 ವರ್ಷದ ತನಕ ಮಕ್ಕಳನ್ನು ತಪಾಸಣೆ ಮಾಡುವ ಕೆಲಸ ಇದರದು. ಹುಟ್ಟಿನ ದೋಷ, ಪೋಷಕಾಂಶದ ಕೊರತೆ, ಕೆಲವು ಕಾಯಿಲೆ, ಬೆಳವಣಿಗೆಯ ವಿಳಂಬ, ಈ ನಾಲ್ಕನ್ನೂ ನೋಡುತ್ತಾರೆ. ಮೊದಲ ಆರು ವಾರ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡುತ್ತಾರೆ. ಆಮೇಲೆ ಡಾಕ್ಟರು, ನರ್ಸ್ ಇರುವ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು.

ಇಲ್ಲೊಂದು ತೊಡಕಿದೆ. ಅಂಗನವಾಡಿಗೆ ಹೋಗದ ಮಗುವೇ ಸಾಮಾನ್ಯವಾಗಿ ತಪಾಸಣೆ ಬೇಕಾದ ಮಗು. ನಡೆಯಲಾರದ, ಉಣ್ಣಿಸಲು ಕಷ್ಟವಾದ ಮಗುವನ್ನು ಮನೆಯಲ್ಲೇ ಇಟ್ಟುಕೊಂಡಿರುತ್ತೇವೆ. ತಂಡ ಬಂದು, ಅಲ್ಲಿದ್ದ ಮಕ್ಕಳನ್ನು ನೋಡಿ ಹೋಗುತ್ತದೆ. ಆದ್ದರಿಂದ ಅಂಗನವಾಡಿ ಕಾರ್ಯಕರ್ತೆಗೆ ಮೊದಲೇ ಹೇಳಿಡಿ: "ಆ ಗಾಡಿ ಬರೋ ದಿನ ನಮಗೂ ಹೇಳ್ರಿ." ಆ ದಿನ ಕೂಲಿ ಬಿಟ್ಟಾದರೂ ಹೋಗಿ. ತಂಡ ಕೊಡುವ ರೆಫರಲ್ ಚೀಟಿ ಇದ್ದರೆ ಜಿಲ್ಲಾಸ್ಪತ್ರೆಯಲ್ಲಿ ಬಾಗಿಲು ಬೇಗ ತೆರೆಯುತ್ತದೆ.

ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವ ಮನೆಗಳಿಗೆ ಇದು ಇನ್ನೂ ಮುಖ್ಯ. ಯಾದಗಿರಿ, ಚಿಂಚೋಳಿ ಕಡೆಯ ತಾಂಡಾಗಳಲ್ಲಿ ವರ್ಷದ ಅರ್ಧ ಮನೆಗೆ ಬೀಗವೇ ಇರುತ್ತದೆ. ಎರಡು ತಪಾಸಣೆಯಲ್ಲಿ ಒಂದಾದರೂ ಸಿಗುವಂತೆ ಕೇಳಿಕೊಂಡು ಹೋಗಿ. ಹೋದ ಊರಿನಲ್ಲೂ ಅಂಗನವಾಡಿ ಇದೆ, ಅಲ್ಲೂ ಮಗುವಿಗೆ ಹಕ್ಕಿದೆ.

ಅಂಗನವಾಡಿಯ ಬಗ್ಗೆ ಇನ್ನೊಂದು ಮಾತು. ವಿಕಲಚೇತನ ಮಕ್ಕಳನ್ನು ಅಂಗನವಾಡಿಯಲ್ಲಿ ಹೇಗೆ ಗುರುತಿಸಬೇಕು, ಹೇಗೆ ಸೇರಿಸಿಕೊಳ್ಳಬೇಕು, ಎಲ್ಲಿಗೆ ಕಳಿಸಬೇಕು ಅಂತ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಂದು ಕ್ರಮವನ್ನೇ ಹೊರಡಿಸಿದೆ. "ಇಂಥ ಮಗು ನಮ್ಮಲ್ಲಿ ಬೇಡ" ಅಂತ ಯಾರಾದರೂ ಅಂದರೆ ಅದು ಅವರ ಸ್ವಂತ ಮಾತು, ಸರ್ಕಾರದ್ದಲ್ಲ. ಆದರೆ ಜಗಳ ಬೇಡ. ಆ ಕಾರ್ಯಕರ್ತೆಗೆ ಹತ್ತಾರು ಕೆಲಸ, ಒಬ್ಬರೇ ಸಹಾಯಕಿ. ಮೊದಲ ಕೆಲವು ದಿನ ತಾಯಿಯೋ ಅಜ್ಜಿಯೋ ಒಂದು ಗಂಟೆ ಜೊತೆಗೆ ಕೂತರೆ ಎಷ್ಟೋ ಸಮಸ್ಯೆ ಅಲ್ಲೇ ಕರಗುತ್ತದೆ.

ಜಿಲ್ಲಾಸ್ಪತ್ರೆಯಲ್ಲಿ ಕೇಳಬೇಕಾದ ನಾಲ್ಕಕ್ಷರ

ಡಿಇಐಸಿ. ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ ಅನ್ನುವ ದೊಡ್ಡ ಹೆಸರಿನ ಗಿಡ್ಡ ರೂಪ. ನೋಂದಣಿ ಕೌಂಟರಿನಲ್ಲಿ ದೊಡ್ಡ ಹೆಸರು ಹೇಳಿದರೆ ಮುಖ ಮುಖ ನೋಡುತ್ತಾರೆ. "ಡಿಇಐಸಿ ಎಲ್ಲದ?" ಅಂತ ಕೇಳಿ, ಇಲ್ಲವೇ ಮಕ್ಕಳ ವಿಭಾಗದಲ್ಲಿ ಕೇಳಿ. ನಮ್ಮ ಮೂರೂ ಜಿಲ್ಲೆಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ: ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಕಣ್ಣು, ಕಿವಿ, ಮೂಳೆ, ಮಕ್ಕಳ ಡಾಕ್ಟರು ಒಂದೇ ಆವರಣದಲ್ಲಿ ಸಿಗುತ್ತಾರೆ ಅನ್ನುವುದೇ ದೊಡ್ಡ ಅನುಕೂಲ.

ಡಿಇಐಸಿಯಲ್ಲಿ ಮಕ್ಕಳ ಡಾಕ್ಟರು, ಫಿಸಿಯೋಥೆರಪಿಸ್ಟ್, ಕಿವಿ ಮತ್ತು ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಟ್ಟಿಗೆ ಇರಬೇಕು ಅನ್ನುವುದು ಯೋಜನೆ. ಎಲ್ಲ ಹುದ್ದೆಯೂ ಎಲ್ಲ ಕಾಲಕ್ಕೂ ತುಂಬಿರುತ್ತದೆ ಅಂತ ಭಾವಿಸಬೇಡಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದ ಮೇಲೆ ಕಟ್ಟಡಗಳು ಬೇಗ ಎದ್ದಿವೆ. ಒಳಗೆ ಕೂರುವ ಥೆರಪಿಸ್ಟ್ ಸಿಗುವುದು ಅಷ್ಟು ಬೇಗ ಆಗಿಲ್ಲ ಅನ್ನುವುದು ನನ್ನ ಅನುಭವ. ಆದ್ದರಿಂದ ಮೊದಲ ಭೇಟಿಯಲ್ಲೇ ಕೇಳಿ: ಮಾತಿನ ಥೆರಪಿಸ್ಟ್ ವಾರದ ಯಾವ ದಿನ ಬರುತ್ತಾರೆ? ಬೆಳಿಗ್ಗೆಯೋ ಮಧ್ಯಾಹ್ನವೋ? ಅಫಜಲಪುರದಿಂದಲೋ ಹುಣಸಗಿಯಿಂದಲೋ ಬಸ್ ಹತ್ತಿ ಬಂದು "ಇವತ್ತು ಇಲ್ಲ" ಅನ್ನಿಸಿಕೊಂಡು ಹೋದ ಮನೆಯವರು ಎರಡನೇ ಸಲ ಬರುವುದಿಲ್ಲ.

ವಾರಕ್ಕೆ ಮೂರು ದಿನ ಬನ್ನಿ ಅನ್ನುತ್ತಾರೆ. ದೂರದ ಊರಿನವರಿಗೆ ಆಗದ ಮಾತು. ನಾಚಿಕೊಳ್ಳದೆ ಹೇಳಿ: "ನಮಗೆ ತಿಂಗಳಿಗೆ ಎರಡೇ ಸಲ ಬರೋಕಾಗ್ತದ. ಮನೆಯಲ್ಲಿ ಮಾಡೋದು ಕಲಿಸಿಕೊಡ್ರಿ." ಒಳ್ಳೆಯ ಥೆರಪಿಸ್ಟ್ ಕಲಿಸಿಕೊಡುತ್ತಾರೆ. ಅವರು ಮಾಡಿ ತೋರಿಸುವುದನ್ನು ವಿಡಿಯೋ ಮಾಡಿಕೊಳ್ಳಲು ಅನುಮತಿ ಕೇಳಿ. ನಿಜ ಹೇಳಬೇಕೆಂದರೆ ಮಗು ಬದಲಾಗುವುದು ಆಸ್ಪತ್ರೆಯ ಅರ್ಧ ಗಂಟೆಯಲ್ಲಿ ಕಡಿಮೆ, ಮನೆಯಲ್ಲಿ ಸ್ನಾನ ಮಾಡಿಸುವಾಗ, ಉಣ್ಣಿಸುವಾಗ, ಎತ್ತಿಕೊಳ್ಳುವಾಗ ಮಾಡುವ ಸಣ್ಣ ಸಣ್ಣ ಕೆಲಸದಲ್ಲಿ ಜಾಸ್ತಿ. ನನ್ನ ಅಕ್ಕ ಮಗನನ್ನು ಸೊಂಟದ ಮೇಲೆ ಕಾಲು ಅಗಲಿಸಿ ಕೂರಿಸಿಕೊಳ್ಳುವುದನ್ನು ಕಲಿತಳು. ಕತ್ತರಿಯಂತೆ ಬಿಗಿಯುವ ಕಾಲು ಸಡಿಲಾಗಲು ಅದೇ ವ್ಯಾಯಾಮ. ಅದಕ್ಕೆ ಬೇರೆ ಸಮಯ ಬೇಕಾಗಲಿಲ್ಲ.

ಮಾತಿನ ಥೆರಪಿಗೆ ಹೋದರೆ ಮನೆಯ ಭಾಷೆ ಯಾವುದು ಅಂತ ಮೊದಲೇ ಹೇಳಿ. ಮನೆಯಲ್ಲಿ ಉರ್ದು, ಸೇಡಂ-ಗುರುಮಠಕಲ್ ಕಡೆ ತೆಲುಗು, ಆಳಂದ-ಬಸವಕಲ್ಯಾಣ ಕಡೆ ಮರಾಠಿ, ತಾಂಡಾದಲ್ಲಿ ಲಂಬಾಣಿ. ಮಗು ದಿನವಿಡೀ ಕೇಳುವ ಭಾಷೆಯಲ್ಲೇ ಮಾತು ಕಲಿಯಬೇಕು. "ಕನ್ನಡ ಒಂದೇ ಮಾತಾಡಿ, ಇಂಗ್ಲಿಷ್ ಒಂದೇ ಮಾತಾಡಿ" ಅಂತ ಮನೆಮಂದಿಯನ್ನೇ ಮೂಕರನ್ನಾಗಿ ಮಾಡುವ ಸಲಹೆಯನ್ನು ಇನ್ನೊಬ್ಬ ತಜ್ಞರ ಹತ್ತಿರ ಕೇಳಿ ನೋಡಿ.

ಹೃದಯದಲ್ಲಿ ರಂಧ್ರ ಇರುವ ಮಕ್ಕಳಿಗೂ, ಸೀಳು ತುಟಿ ಇರುವ ಮಕ್ಕಳಿಗೂ ಆರ್‌ಬಿಎಸ್‌ಕೆ ಮೂಲಕವೇ ಆಪರೇಷನ್‌ಗೆ ಕಳಿಸುತ್ತಾರೆ, ಖರ್ಚು ಸರ್ಕಾರದ್ದು. ಹೃದಯಕ್ಕೆ ಈಗ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ.

ಬುದ್ಧಿ ಬೆಳವಣಿಗೆ, ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಮಾತಾಡುವುದು ಕಷ್ಟವಾಗುವ ಸ್ಥಿತಿ), ಸೆರೆಬ್ರಲ್ ಪಾಲ್ಸಿಯ ಪೂರ್ತಿ ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಅಂತ ಹೇಳುವವರು ತುಂಬ. ಹೋಗಬಾರದು ಅಂತಲ್ಲ. ಆದರೆ ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿ.ಮೀ., ಹೈದರಾಬಾದ್ ಸುಮಾರು 140 ಕಿ.ಮೀ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಹೆಸರು ಎನ್‌ಐಇಪಿಐಡಿ. ಬೌದ್ಧಿಕ ವಿಕಲತೆಗೆ ದೇಶದ ಮುಖ್ಯ ಸಂಸ್ಥೆ ಅದೇ. ಚಿಕ್ಕ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೇಂದ್ರವೂ ಇದೆ. ನಮ್ಮ ದಖ್ಖನಿ ಉರ್ದು ಅಲ್ಲಿ ನಡೆಯುತ್ತದೆ. ಬಿಪಿಎಲ್ ಕಾರ್ಡು, ಆದಾಯ ಪತ್ರ ಮರೆಯದೆ ಒಯ್ಯಿರಿ.

ಹರಕೆ ಹೊರಬೇಡಿ ಅಂತ ನಾನು ಹೇಳುವುದಿಲ್ಲ. ಶರಣಬಸವೇಶ್ವರರ ಗುಡಿಗೂ ಹೋಗಿ, ಬಂದೇನವಾಜರ ದರ್ಗಾಕ್ಕೂ ಹೋಗಿ. ಅದೇ ದಿನ ಜಿಲ್ಲಾಸ್ಪತ್ರೆಗೂ ಹೋಗಿ ಬನ್ನಿ, ಮೂರೂ ಒಂದೇ ಊರಲ್ಲಿವೆ. ಆದರೆ ಲಕ್ಷ ಲಕ್ಷ ಕೇಳಿ "ಸ್ಟೆಮ್ ಸೆಲ್ ಹಾಕಿದರೆ ಆಟಿಸಂ ಹೋಗುತ್ತದೆ" ಅನ್ನುವವರಿಂದ ದೂರ ಇರಿ. ಆಟಿಸಂಗೆ ಆ ಚಿಕಿತ್ಸೆ ಸೂಕ್ತವಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿಯೇ 2022ರಲ್ಲಿ ಹೇಳಿದೆ. ಹೊಲ ಮಾರಬೇಡಿ.

ಕಿವಿಯ ವಿಷಯ ಬೇರೆಯೇ ಹೇಳಬೇಕು

ಕಿವಿಗೆ ಗಡುವು ಇದೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಹಿಯರಿಂಗ್ ಏಡ್ ಮತ್ತು ಥೆರಪಿ. ತಜ್ಞರು ಹೇಳುವ ಲೆಕ್ಕ ಇದು. ತಟ್ಟೆ ಬಡಿದು ನೋಡುವ ಪರೀಕ್ಷೆ ನಂಬಬೇಡಿ, ಮಗು ಕಂಪನಕ್ಕೂ ತಿರುಗುತ್ತದೆ. ಸೋದರಮಾವನ ಜೊತೆ ಮದುವೆಯಾದ ಮನೆಗಳಲ್ಲಿ, ಮೊದಲೇ ಒಬ್ಬರಿಗೆ ಕಿವಿ ಕೇಳದ ಮನೆಗಳಲ್ಲಿ ಎಚ್ಚರ ಜಾಸ್ತಿ ಬೇಕು.

ಹಿಯರಿಂಗ್ ಏಡ್‌ನಿಂದ ಆಗದ ಮಕ್ಕಳಿಗೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಯಂತ್ರ, ಕಾಕ್ಲಿಯರ್ ಇಂಪ್ಲಾಂಟ್, ಇದೆ. ರಾಜ್ಯದ ಶ್ರವಣ ಸಂಜೀವಿನಿ ಕಾರ್ಯಕ್ರಮ ಆರು ವರ್ಷದೊಳಗಿನ ಮಕ್ಕಳಿಗೆ ಇದನ್ನು ಉಚಿತವಾಗಿ ಕೊಡುತ್ತದೆ. ವಯಸ್ಸು ದಾಟಿದರೆ ಕಷ್ಟ. ಆಪರೇಷನ್ ಆದ ಮೇಲೆ ಕೇಳುವುದನ್ನೂ ಮಾತಾಡುವುದನ್ನೂ ಕಲಿಸಲು ಒಂದೆರಡು ವರ್ಷ ಥೆರಪಿ ಬೇಕು. ಥೆರಪಿಗೆ ಹೋಗಲು ಆಗುತ್ತದೆಯೇ ಅನ್ನುವುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ದುಬಾರಿ ಯಂತ್ರ ಡಬ್ಬಿಯಲ್ಲಿ ಉಳಿಯುತ್ತದೆ.

ಈಗ ಫೈಲ್

ಒಂದು ಪ್ಲಾಸ್ಟಿಕ್ ಫೈಲ್ ಕೊಳ್ಳಿ. ಅದರಲ್ಲಿ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಅಪ್ಪ-ಅಮ್ಮನ ಆಧಾರ್, ರೇಷನ್ ಕಾರ್ಡ್, ಜಾತಿ ಮತ್ತು ಆದಾಯ ಪತ್ರ, ತಾಯಿ ಕಾರ್ಡ್, ಡಿಸ್ಚಾರ್ಜ್ ಕಾಗದ, ಎಲ್ಲ ಚೀಟಿ, ಆರು ಪಾಸ್‌ಪೋರ್ಟ್ ಸೈಜ್ ಫೋಟೋ. ಮೂಲ ಕಾಗದ ಯಾರಿಗೂ ಕೊಡಬೇಡಿ, ಜೆರಾಕ್ಸ್ ಕೊಡಿ.

ಎಲ್ಲಕ್ಕಿಂತ ಮೊದಲು ಹೆಸರು ಸರಿ ಮಾಡಿಸಿ. ನಮ್ಮ ಕಡೆ ಜನನ ಪತ್ರದಲ್ಲಿ ಮಲ್ಲಿಕಾರ್ಜುನ, ಆಧಾರ್‌ನಲ್ಲಿ ಮಲ್ಲಪ್ಪ, ರೇಷನ್ ಕಾರ್ಡಿನಲ್ಲಿ ಮಲ್ಲು. ಉರ್ದು ಹೆಸರುಗಳ ಪಾಡಂತೂ ಕೇಳಬೇಡಿ, ಒಂದೇ ಹೆಸರು ಮೂರು ಕಚೇರಿಯಲ್ಲಿ ಮೂರು ಥರ. ಒಂದಕ್ಷರ ಬೇರೆ ಇದ್ದರೂ ಕಂಪ್ಯೂಟರ್ ಒಪ್ಪುವುದಿಲ್ಲ. ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ಬೇಡ. ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಕೊಡಲೇಬೇಕು. ಕೈಬೆರಳು ಇಲ್ಲದ, ಬೆರಳು ಬಿಡಿಸಲಾಗದ ಮಕ್ಕಳಿಗೆ ವಿನಾಯಿತಿ ಇದೆ, ಆಧಾರ್ ಕೇಂದ್ರದವರು "ಆಗಲ್ಲ" ಅಂತ ವಾಪಸ್ ಕಳಿಸುವಂತಿಲ್ಲ.

ಯುಡಿಐಡಿ ಅನ್ನುವ ಕಾರ್ಡು

ವಿಕಲಚೇತನರ ಗುರುತಿನ ಕಾರ್ಡು ಇದು, ಎಲ್ಲ ಸೌಲಭ್ಯದ ಬೀಗದಕೈ. ವಿಕಲತೆಯ ಸರ್ಟಿಫಿಕೇಟಿಗೂ ಇದೇ ಅರ್ಜಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಯನ್ನು ಗುರುತಿಸುತ್ತದೆ. ಮೊದಲು ಏಳೇ ಇದ್ದವು. ಈಗ ಆಟಿಸಂ, ಕಲಿಕೆಯ ತೊಂದರೆ, ಸ್ನಾಯು ಸೊರಗುವ ಮಸ್ಕ್ಯುಲರ್ ಡಿಸ್ಟ್ರೋಫಿ, ರಕ್ತದ ಕಾಯಿಲೆಗಳಾದ ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕೂಡ ಸೇರಿವೆ. ಹೆಚ್ಚಿನ ಸೌಲಭ್ಯಕ್ಕೆ ವಿಕಲತೆಯ ಪ್ರಮಾಣ ಕನಿಷ್ಠ ಶೇ. 40 ಇರಬೇಕು.

ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಮೊಬೈಲಿನಲ್ಲೇ ಹಾಕಬಹುದು, ಆಗದಿದ್ದರೆ ಗ್ರಾಮ ಒನ್‌ಗೆ ಹೋಗಿ, ಅಥವಾ ಮುಂದೆ ಹೇಳುವ ವಿಆರ್‌ಡಬ್ಲ್ಯು ಅವರನ್ನು ಹಿಡಿಯಿರಿ. ಕಾರ್ಡಿಗೆ ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ ಏನೂ ಇಲ್ಲ. ಸಾವಿರ, ಎರಡು ಸಾವಿರ ಕೇಳುವ ಮಧ್ಯವರ್ತಿಗಳು ಆಸ್ಪತ್ರೆ ಗೇಟಿನಲ್ಲೇ ಸಿಗುತ್ತಾರೆ. ಅವರು ಮಾಡುವುದೂ ಇದೇ ಅರ್ಜಿಯನ್ನೇ.

ಅರ್ಜಿ ಹಾಕುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಅಂಗಡಿಯವನ ನಂಬರ್ ಕೊಟ್ಟರೆ ಮೆಸೇಜ್ ಅವನಿಗೆ ಹೋಗುತ್ತದೆ, ತಪಾಸಣೆಯ ದಿನ ನಿಮಗೆ ಗೊತ್ತೇ ಆಗುವುದಿಲ್ಲ. ಆಸ್ಪತ್ರೆ ಆರಿಸುವಾಗ ಮಗುವಿನ ತೊಂದರೆಯ ತಜ್ಞರು ಎಲ್ಲಿದ್ದಾರೋ ಅದನ್ನು ಆರಿಸಿ. ಬುದ್ಧಿ ಬೆಳವಣಿಗೆಯ ಪರೀಕ್ಷೆಗೆ ತಾಲ್ಲೂಕು ಆಸ್ಪತ್ರೆ ಹಾಕಿದರೆ ಮತ್ತೆ ಜಿಲ್ಲೆಗೇ ಕಳಿಸುತ್ತಾರೆ. ಶೇ. 40ರಿಂದ 80ರೊಳಗೆ ಇದ್ದರೆ ಹಳದಿ ಪಟ್ಟಿ, ಅದಕ್ಕೂ ಮೇಲೆ ನೀಲಿ ಪಟ್ಟಿ. ಕಾರ್ಡು ದೇಶದಲ್ಲೆಲ್ಲ ನಡೆಯುತ್ತದೆ, ಪುಣೆಯಲ್ಲೂ.

ಪುಟ್ಟ ಮಕ್ಕಳ ವಿಷಯದಲ್ಲಿ ಒಂದು ವಿಶೇಷ. ಐದು ವರ್ಷದೊಳಗೆ ಬೌದ್ಧಿಕ ವಿಕಲತೆ ಅಂತ ಖಚಿತವಾಗಿ ಬರೆಯುವುದಿಲ್ಲ. "ಬೆಳವಣಿಗೆಯ ವಿಳಂಬ" ಅಂತ ಬರೆದು ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಅದನ್ನು ನೋಡಿ ಬೇಜಾರಾಗಬೇಡಿ, ಅದೂ ಪೂರ್ತಿ ಸರ್ಟಿಫಿಕೇಟೇ. ಆದರೆ ಮುಗಿಯುವ ತಾರೀಖು ಇರುತ್ತದೆ. ಎಷ್ಟೋ ಮನೆಗಳಲ್ಲಿ ಪಿಂಚಣಿ ನಿಂತ ಮೇಲೆಯೇ ಆ ತಾರೀಖು ಕಣ್ಣಿಗೆ ಬೀಳುವುದು. ಮೂರು ತಿಂಗಳು ಮೊದಲೇ ನವೀಕರಣಕ್ಕೆ ಹೋಗಿ.

ಶೇಕಡಾವಾರು ಕಡಿಮೆ ಹಾಕಿದ್ದಾರೆ ಅನ್ನಿಸಿದರೆ ಮೇಲ್ಮನವಿಗೆ ಕಾಯ್ದೆಯಲ್ಲೇ ಅವಕಾಶ ಇದೆ. ಹಾಗಂತ ಜಾಸ್ತಿ ಬರಲಿ ಅಂತ ಮಗುವಿಗೆ ನಾಟಕ ಮಾಡಿಸುವುದು ಬೇಡ. ತಪಾಸಣೆಯ ದಿನ ಮಗು ಹೇಗಿದೆಯೋ ಹಾಗೇ ಇರಲಿ. ನಿಮ್ಮ ನೋಟ್‌ಬುಕ್, ವಿಡಿಯೋ ಮಾತ್ರ ಜೊತೆಗಿರಲಿ.

ಪಂಚಾಯಿತಿಯಲ್ಲಿ ಒಬ್ಬರಿದ್ದಾರೆ

ಕರ್ನಾಟಕದ ಒಂದು ಒಳ್ಳೆಯ ವ್ಯವಸ್ಥೆಯ ಬಗ್ಗೆ ನಮ್ಮ ಜನಕ್ಕೆ ಗೊತ್ತಿರುವುದು ಕಡಿಮೆ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ವ್ಯವಸ್ಥೆ. ವಿಆರ್‌ಡಬ್ಲ್ಯು ಅನ್ನುತ್ತಾರೆ. ಸಾಮಾನ್ಯವಾಗಿ ಅವರೂ ವಿಕಲಚೇತನರೇ. ತಾಲ್ಲೂಕಿಗೆ ಎಂಆರ್‌ಡಬ್ಲ್ಯು, ಪಟ್ಟಣಕ್ಕೆ ಯುಆರ್‌ಡಬ್ಲ್ಯು. ಜಿಲ್ಲೆಗೆ ವಿಕಲಚೇತನರ ಕಲ್ಯಾಣಾಧಿಕಾರಿ. ಈ ಸಾಲು ನೆನಪಿಟ್ಟುಕೊಳ್ಳಿ. ಅವರಿಗೆ ಸಿಗುವುದು ಸಣ್ಣ ಗೌರವಧನ, ಸುತ್ತುವುದು ಹತ್ತಾರು ಹಳ್ಳಿ. ಮರ್ಯಾದೆಯಿಂದ ಮಾತಾಡಿ, ನಿಮ್ಮ ಮಗುವಿನ ಹೆಸರು ಅವರ ಪಟ್ಟಿಯಲ್ಲಿ ಇದೆಯೇ ಅಂತ ನೋಡಿ. ಪಟ್ಟಿಯಲ್ಲಿ ಇಲ್ಲದ ಮಗು ಸರ್ಕಾರದ ಲೆಕ್ಕಕ್ಕೆ ಇಲ್ಲ.

ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ. 5 ವಿಕಲಚೇತನರಿಗೆ ಖರ್ಚು ಮಾಡಬೇಕು. ಗ್ರಾಮಸಭೆಯಲ್ಲಿ ಎದ್ದು ಕೇಳಿ: "ಈ ವರ್ಷ ಆ ದುಡ್ಡು ಎಲ್ಲಿ ಹೋಯ್ತು?" ಒಬ್ಬರೇ ಕೇಳಿದರೆ ನಗುತ್ತಾರೆ. ನಾಲ್ಕು ತಾಯಂದಿರು ಒಟ್ಟಿಗೆ ಕೂತು ಕೇಳಿದರೆ ಪಿಡಿಓ ರಿಜಿಸ್ಟರ್ ತೆಗೆಯುತ್ತಾರೆ. ಅಂಗನವಾಡಿಗೆ ಇಳಿಜಾರು ಕಟ್ಟಿಸಿ, ಶೌಚಾಲಯಕ್ಕೆ ಹಿಡಿಕೆ ಹಾಕಿಸಿ ಅಂತ ಲಿಖಿತವಾಗಿ ಕೊಡಿ.

ತಿಂಗಳ ಹಣ, ವಿಮೆ, ಸಾಧನ

ಅಂಗವಿಕಲ ಪಿಂಚಣಿ ಮಕ್ಕಳಿಗೂ ಸಿಗುತ್ತದೆ, ದೊಡ್ಡವರಿಗಷ್ಟೇ ಅನ್ನುವುದು ತಪ್ಪು ತಿಳುವಳಿಕೆ. ಶೇ. 40ರಿಂದ 75ರವರೆಗೆ ಒಂದು ಮೊತ್ತ, ಅದಕ್ಕೂ ಮೇಲೆ ಜಾಸ್ತಿ. ಅರ್ಜಿ ನಾಡಕಚೇರಿಯಲ್ಲಿ. ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸುತ್ತಾರೆ. ಮಗುವಿನ ಹೆಸರಲ್ಲೇ ತಾಯಿಯ ಜೊತೆ ಬ್ಯಾಂಕ್ ಖಾತೆ ಮಾಡಿಸಿ, ಆಧಾರ್ ಜೋಡಿಸಿ. "ಮಂಜೂರಾಗಿದೆ, ದುಡ್ಡು ಬಂದಿಲ್ಲ" ಅನ್ನುವ ದೂರುಗಳಲ್ಲಿ ತಪ್ಪು ಹೆಚ್ಚಾಗಿ ಇರುವುದು ಈ ಜೋಡಣೆಯಲ್ಲೇ. ತಹಸೀಲ್ದಾರ್ ಕಚೇರಿಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗಿ ನೋಡಿ.

ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ತೊಂದರೆ ಇರುವವರನ್ನು ನೋಡಿಕೊಳ್ಳುವವರಿಗೆ ರಾಜ್ಯ ಸರ್ಕಾರ ತಿಂಗಳಿಗೆ 1000 ರೂಪಾಯಿ ಆರೈಕೆದಾರರ ಭತ್ಯೆ ಕೊಡುತ್ತದೆ. ಮೊತ್ತ ಸಣ್ಣದು, ನಿಜ. ಆದರೆ ತಾಯಿ ಮಾಡುವುದೂ ಒಂದು ಕೆಲಸ ಅಂತ ಸರ್ಕಾರಿ ಕಾಗದದಲ್ಲಿ ಬಂದಿತಲ್ವಾ! ನಮ್ಮ ಅಕ್ಕನಿಗೆ ದುಡ್ಡಿಗಿಂತ ಅದೇ ಖುಷಿ ಕೊಟ್ಟಿತು.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ, ಈ ನಾಲ್ಕಕ್ಕೆ ಕೇಂದ್ರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿ ತನಕ. ಇದರ ಗುಣ ಏನೆಂದರೆ ಆಸ್ಪತ್ರೆಯಲ್ಲಿ ಮಲಗದಿದ್ದರೂ ಥೆರಪಿ, ಔಷಧಿ, ಓಡಾಟದ ಖರ್ಚಿಗೂ ಒಂದು ಮಿತಿಯಲ್ಲಿ ಹಣ ವಾಪಸ್ ಸಿಗುತ್ತದೆ. ಬಿಲ್ ಇಲ್ಲದೆ ಏನೂ ಇಲ್ಲ. ಮೆಡಿಕಲ್ ಅಂಗಡಿಯಲ್ಲಿ ಹತ್ತು ರೂಪಾಯಿಯ ಮಾತ್ರೆಗೂ ಬಿಲ್ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಪ್ರತಿ ವರ್ಷ ನವೀಕರಿಸಬೇಕು.

ಗಾಲಿಕುರ್ಚಿ, ಕಾಲಿಗೆ ಕಟ್ಟುವ ಕ್ಯಾಲಿಪರ್, ಸೆರೆಬ್ರಲ್ ಪಾಲ್ಸಿ ಮಕ್ಕಳ ಸಿಪಿ ಚೇರ್, ಹಿಯರಿಂಗ್ ಏಡ್, ಇವು ಕೇಂದ್ರದ ಎಡಿಪ್ ಯೋಜನೆಯಲ್ಲಿ ಶಿಬಿರದ ಮೂಲಕ ಬರುತ್ತವೆ. ಅಳತೆಯ ಶಿಬಿರ ಒಂದು ದಿನ, ಹಂಚುವ ಶಿಬಿರ ತಿಂಗಳುಗಟ್ಟಲೆ ಆದ ಮೇಲೆ. ಅಷ್ಟರಲ್ಲಿ ಮಗು ಬೆಳೆದಿರುತ್ತದೆ! ವೇದಿಕೆಯ ಮೇಲೆ ಫೋಟೋ ತೆಗೆಸಿಕೊಳ್ಳುವ ಮೊದಲು ಮಗುವನ್ನು ಕೂರಿಸಿ ನೋಡಿ. ಕಾಲು ಜೋತುಬಿದ್ದರೆ, ಕತ್ತು ವಾಲಿದರೆ ಅಲ್ಲೇ ಹೇಳಿ. ಅಳತೆ ತಪ್ಪಿದ ಕುರ್ಚಿ ಬೆನ್ನು ಬಾಗಿಸುತ್ತದೆ.

ಶಾಲೆಯ ಬಾಗಿಲು

ಶೇ. 40 ಮತ್ತು ಅದಕ್ಕೂ ಮೇಲಿನ ವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ, ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು. ಸರ್ಕಾರದ ಮಾನ್ಯತೆ ಇರುವ ಖಾಸಗಿ ಶಾಲೆಯೂ ವಿಕಲತೆಯ ಕಾರಣಕ್ಕೆ ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ. ಯಾರಾದರೂ ಹಾಗೆ ಅಂದರೆ, ಅದನ್ನೇ ಬರೆದು ಕೊಡಿ ಅಂತ ಕೇಳಿ. ಬರೆದು ಕೊಡುವವರು ಬಹಳ ಕಡಿಮೆ.

ಪ್ರತಿ ತಾಲ್ಲೂಕಿನ ಬಿಇಓ ಕಚೇರಿ, ಬಿಆರ್‌ಸಿಯಲ್ಲಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಅನ್ನುವ ವಿಶೇಷ ಶಿಕ್ಷಕರು ಇರುತ್ತಾರೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣ ಇವರ ಮೂಲಕವೇ. ಮಗುವಿನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಕಲಚೇತನ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹಧನ ಇದೆ. ಓಡಾಟದ ಭತ್ಯೆ, ಜೊತೆಗೆ ಕರೆತರುವವರ ಭತ್ಯೆಯೂ ಇದೆ. ಕೇಳದಿದ್ದರೆ ಹೇಳುವವರು ಕಡಿಮೆ.

ಕಿವುಡ ಮಕ್ಕಳಿಗೂ ಅಂಧ ಮಕ್ಕಳಿಗೂ ಕಲಬುರಗಿಯಲ್ಲಿ ಸರ್ಕಾರಿ ವಸತಿ ಶಾಲೆಗಳಿವೆ. ಆರು ವರ್ಷದ ಮಗುವನ್ನು ಹಾಸ್ಟೆಲ್‌ಗೆ ಬಿಡಬೇಕೇ ಅನ್ನುವುದು ಮನೆಯ ನಿರ್ಧಾರ. ನನ್ನ ಅಭಿಪ್ರಾಯ ಕೇಳಿದರೆ, ಕಿವಿ ಕೇಳದ ಮಗು ಸನ್ನೆ ಭಾಷೆ ಬಲ್ಲ ಇನ್ನೊಂದಿಷ್ಟು ಮಕ್ಕಳ ಜೊತೆ ಬೆಳೆಯುವುದು ಒಳ್ಳೆಯದು. ಉಳಿದ ಮಕ್ಕಳು ಆದಷ್ಟು ಊರ ಶಾಲೆಯಲ್ಲೇ ಇರಲಿ. ಅಕ್ಕಪಕ್ಕದ ಹುಡುಗರು ಅವರನ್ನು ನೋಡಿ ಬೆಳೆಯಬೇಕು.

ಓಡಾಟ

ಮಗುವಿಗೆ ಆರು ವರ್ಷದ ತನಕ ಬಸ್ ಟಿಕೆಟ್ ಇಲ್ಲ. ತಾಯಿಗೆ ಶಕ್ತಿ ಯೋಜನೆ ಇದೆ. ಆಮೇಲೆ ಕಲ್ಯಾಣ ಕರ್ನಾಟಕ ಸಾರಿಗೆಯ ರಿಯಾಯಿತಿ ಪಾಸ್‌ಗೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ರೈಲಿನಲ್ಲಿ ಮಗುವಿಗೂ ಜೊತೆಗಾರರೊಬ್ಬರಿಗೂ ರಿಯಾಯಿತಿ ಇದೆ, ಅದಕ್ಕೆ ರೈಲ್ವೆಯ ಪ್ರತ್ಯೇಕ ಕಾರ್ಡು ಬೇಕು. ಕಲಬುರಗಿ ಸೊಲ್ಲಾಪುರ ವಿಭಾಗಕ್ಕೆ, ಬೀದರ್ ಸಿಕಂದರಾಬಾದ್ ವಿಭಾಗಕ್ಕೆ ಸೇರುತ್ತದೆ. ಕಲಬುರಗಿಗೇ ಒಂದು ವಿಭಾಗ ಬೇಕು ಅನ್ನುವ ಹಳೆಯ ಕೂಗು ನಿಮಗೆ ಗೊತ್ತೇ ಇದೆ. ಸದ್ಯ ಅರ್ಜಿ ಆನ್‌ಲೈನ್ ಆಗಿದೆ, ಸೊಲ್ಲಾಪುರಕ್ಕೆ ಓಡಬೇಕಿಲ್ಲ.

ಕೆಲಸ ಆಗದಿದ್ದರೆ

ಬಾಯಿಮಾತಿನ ಅರ್ಜಿಗೆ ಬೆಲೆ ಇಲ್ಲ. ಎರಡು ಪ್ರತಿ ಬರೆಯಿರಿ, ಒಂದು ಕೊಡಿ, ಇನ್ನೊಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಮೊದಲು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಆಮೇಲೆ ಜಿಲ್ಲಾಧಿಕಾರಿಯ ಜನಸ್ಪಂದನ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರು ಇದ್ದಾರೆ, ಅವರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ವಕೀಲರು ಬೇಕಾದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೂ ವಿಕಲಚೇತನರಿಗೂ ಅಲ್ಲಿ ಉಚಿತ, ಆದಾಯ ಎಷ್ಟಿದ್ದರೂ.

ಇಷ್ಟೆಲ್ಲ ಓಡಾಟದಲ್ಲಿ ಸೊರಗುವವಳು ತಾಯಿ. "ನಿನ್ನ ಹೊಟ್ಟೆಯಲ್ಲಿ ಹಿಂಗ್ಯಾಕ ಹುಟ್ತು" ಅನ್ನುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ನಿಂತಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ, ಎಲ್ಲಾ ಸಾಕಾಯ್ತು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದೇ, ಹಣ ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮತ್ತೆ ಆಸ್ಪತ್ರೆಗೆ ಹೋಗುವ ದಿನ ಅಪ್ಪನೂ ಹೋಗಲಿ. ಥೆರಪಿಸ್ಟ್ ಕಲಿಸುವುದನ್ನು ಇಬ್ಬರೂ ಕಲಿತರೆ ಸಂಜೆಯ ಪಾಳಿ ಅಪ್ಪನದಾಗುತ್ತದೆ.

ನಮ್ಮ ಅಕ್ಕನ ಮನೆಯಲ್ಲಿ ಈಗ ಹಾಗೇ ನಡೆದಿದೆ. ಭಾವ ಹೊಲದಿಂದ ಬಂದು ಕೈಕಾಲು ತೊಳೆದು, ಮಗನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎದುರಿಗೆ ಕೂತು ಚಹಾ ಕುಡಿಯುತ್ತಾನೆ. ಮೊದಲು ಎರಡು ಗುಟುಕಿನಷ್ಟು ಹೊತ್ತು ನಿಲ್ಲುತ್ತಿದ್ದ ಹುಡುಗ ಈಗ ಕಪ್ಪು ಖಾಲಿಯಾಗುವ ತನಕ ನಿಲ್ಲುತ್ತಾನೆ. ಫೈಲ್ ಅದೇ ಗೋಡೆಯ ಮೊಳೆಗೆ ನೇತುಬಿದ್ದಿರುತ್ತದೆ.